ನಾರ್ವೆಗೆ ಮೊದಲು ಬ್ರಿಟಿಷರೇ ಇಳಿದಿದ್ದರೆ? 1940ರ ಪರ್ಯಾಯ ಇತಿಹಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಮಾತು ಎಲ್ಲಿ ತೆಗೆದರೂ ಚರ್ಚೆ ಹೋಗಿ ನಿಲ್ಲುವುದು ಹಿಟ್ಲರ್ ರಷ್ಯಾದ ಮೇಲೆ ಏರಿ ಹೋಗದಿದ್ದರೆ, ಜಪಾನ್ ಪರ್ಲ್ ಹಾರ್ಬರಿನ ತಂಟೆಗೆ ಹೋಗದಿದ್ದರೆ ಎಂಬಲ್ಲಿಗೆ. ನನ್ನ ಆಸಕ್ತಿ ಅದಕ್ಕೂ ಹಿಂದಿನ ಕೆಲವು ವಾರಗಳದ್ದು, ಅಂದರೆ 1940ರ ಫೆಬ್ರವರಿಯಿಂದ ಏಪ್ರಿಲ್‌ವರೆಗಿನದ್ದು. ಯಾರು ಯಾರ ಮಿತ್ರ ಎಂಬುದೇ ಆಗ ಇನ್ನೂ ಗಟ್ಟಿಯಾಗಿರಲಿಲ್ಲ. ಈ ವಿಷಯವಾಗಿ ಮಾತುಕತೆಗಳಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭವಾದವುಗಳಿಂದ ತೊಡಗಿ ಕಠಿಣವಾದವುಗಳ ಕಡೆಗೆ ಜೋಡಿಸಿದ್ದೇನೆ.

## ಮೊದಲು ತಿಳಿದಿರಬೇಕಾದದ್ದು

ಪರ್ಯಾಯ ಇತಿಹಾಸ ಅಂದರೆ ಹೊತ್ತು ಕಳೆಯೋ ಕಟ್ಟುಕತೆ ತಾನೇ ಸಾರ್?

ಏನನ್ನು ಬದಲಿಸುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಹಿಟ್ಲರನ ಕೈಗೆ ಅಣುಬಾಂಬ್ ಕೊಟ್ಟು ನೋಡಿದರೆ ಅದು ಕಟ್ಟುಕತೆಯೇ ಸರಿ. ಆದರೆ ಸಚಿವ ಸಂಪುಟವೊಂದು ಕುಳಿತು ತೀರ್ಮಾನಿಸಿ, ಸೈನಿಕರನ್ನು ಹಡಗಿಗೆ ಹತ್ತಿಸಿ, ಆಮೇಲೆ ಒಂದು ಆದೇಶದಿಂದ ಇಳಿಸಿದ್ದು ಉಂಟು. ಆ ಇಳಿಸುವಿಕೆ ನಡೆಯದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಕೇಳುವುದು ಇತಿಹಾಸಕಾರನ ಕೆಲಸದ ಒಳಗೇ ಬರುತ್ತದೆ. 'ಇದರಿಂದ ಅದಾಯಿತು' ಎಂದು ಬರೆಯುವವನು 'ಇದಿಲ್ಲದಿದ್ದರೆ ಅದಾಗುತ್ತಿರಲಿಲ್ಲ' ಎಂಬುದನ್ನೂ ಬಾಯಿಬಿಡದೆ ಹೇಳಿರುತ್ತಾನೆ. ನಾನು ಹಾಕಿಕೊಂಡಿರುವ ಕಟ್ಟುಪಾಡು ಇಷ್ಟು: ಆ ಕಾಲದವರ ಮೇಜಿನ ಮೇಲೆ ಕಾಗದದಲ್ಲಿ ಇದ್ದದ್ದನ್ನು ಮಾತ್ರ ಬದಲಿಸಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಎರಡು ಮೂರು ಹೆಜ್ಜೆಗಿಂತ ಮುಂದೆ ಹೋಗಬಾರದು. ನಾಲ್ಕನೆಯ ಹೆಜ್ಜೆಯಿಂದಾಚೆಗೆ ಬರೆಯುವವನ ಆಸೆಗಳೇ ಮಾತಾಡತೊಡಗುತ್ತವೆ.

ಹಿಟ್ಲರ್, ಸ್ಟಾಲಿನ್ ಒಂದೇ ಕಡೆ ಇದ್ದರು ಅಂತೀರಲ್ಲ! ನಾವು ಶಾಲೇಲಿ ಓದಿದ್ದು ಬೇರೇನೇ.

ಶಾಲೆಯ ಪುಸ್ತಕದಲ್ಲಿ ಓದಿದ್ದು 1941ರ ಜೂನ್ 22ರ ನಂತರದ ಚಿತ್ರ. ಅದಕ್ಕೆ ಮೊದಲಿನ ಇಪ್ಪತ್ತೆರಡು ತಿಂಗಳು ಇಬ್ಬರ ನಡುವೆ ಒಪ್ಪಂದವಿತ್ತು. 1939ರ ಆಗಸ್ಟ್ 23ರಂದು ಎರಡೂ ದೇಶಗಳ ವಿದೇಶಾಂಗ ಮಂತ್ರಿಗಳಾದ ರಿಬೆನ್‌ಟ್ರಾಪ್ ಮತ್ತು ಮೊಲೊಟೊವ್ ಅನಾಕ್ರಮಣ ಒಪ್ಪಂದ ಮಾಡಿಕೊಂಡರು. ಅದರೊಡನೆ ಪೂರ್ವ ಯೂರೋಪನ್ನು ಹಂಚಿಕೊಳ್ಳುವ ರಹಸ್ಯ ಕರಾರೂ ಇತ್ತು. ಸೆಪ್ಟೆಂಬರ್ 1ರಂದು ಜರ್ಮನಿ, 17ರಂದು ಸೋವಿಯತ್ ಒಕ್ಕೂಟ ಪೋಲೆಂಡಿಗೆ ನುಗ್ಗಿದವು. ನವೆಂಬರ್ 30ರಂದು ಸ್ಟಾಲಿನ್ ಫಿನ್ಲೆಂಡಿನ ಮೇಲೆ ದಾಳಿ ಮಾಡಿದ. ಡಿಸೆಂಬರ್ 14ರಂದು ರಾಷ್ಟ್ರಸಂಘವು ಸೋವಿಯತ್ ಒಕ್ಕೂಟವನ್ನು ಹೊರಹಾಕಿತು. 1940ರ ಫೆಬ್ರವರಿ 11ರ ವ್ಯಾಪಾರ ಒಪ್ಪಂದದ ಪ್ರಕಾರ ಜರ್ಮನಿಗೆ ರಷ್ಯಾದಿಂದ 9 ಲಕ್ಷ ಟನ್ ತೈಲ, 10 ಲಕ್ಷ ಟನ್ ಧಾನ್ಯ ಬರಬೇಕಿತ್ತು. ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಕುಳಿತವರಿಗೆ ಆಗ ಸ್ಟಾಲಿನ್ ಕಾಣುತ್ತಿದ್ದದ್ದು ಹಿಟ್ಲರನ ಉಗ್ರಾಣದ ಯಜಮಾನನಂತೆ. ಈ ಚಿತ್ರವನ್ನು ಕಣ್ಣ ಮುಂದೆ ಇಟ್ಟುಕೊಳ್ಳದಿದ್ದರೆ ಮುಂದಿನ ಯಾವ ಯೋಜನೆಯೂ ಅರ್ಥವಾಗುವುದಿಲ್ಲ, ಎಲ್ಲವೂ ಹುಚ್ಚರ ಕೆಲಸದಂತೆ ಕಾಣುತ್ತದೆ.

ನಾರ್ವೆ, ಸ್ವೀಡನ್ ಥರ ಹಿಮದ ದೇಶ ಯಾರಿಗೆ ಬೇಕಿತ್ತು? ಅಲ್ಲಿ ಏನಿದೆ ಅಂತ?

ಕಬ್ಬಿಣದ ಅದಿರು ಇದೆ. 1938ರಲ್ಲಿ ಜರ್ಮನಿ ಹೊರಗಿನಿಂದ ತರಿಸಿಕೊಂಡ ಸುಮಾರು 2.2 ಕೋಟಿ ಟನ್ ಅದಿರಿನಲ್ಲಿ ಸುಮಾರು 90 ಲಕ್ಷ ಟನ್ ಸ್ವೀಡನ್ನಿನದು. ಯುದ್ಧ ಶುರುವಾಗಿ ಬ್ರಿಟನ್ ಕಡಲ ದಿಗ್ಬಂಧನ ಹಾಕಿದ ಮೇಲೆ ಉಳಿದ ಮೂಲಗಳು ಬಹುಮಟ್ಟಿಗೆ ಬತ್ತಿಹೋದವು, ಹಾಗಾಗಿ ಸ್ವೀಡನ್ನಿನ ಅದಿರಿನ ತೂಕ ಇನ್ನೂ ಹೆಚ್ಚಿತು. ಈ ಅದಿರು ಸಿಗುವುದು ಉತ್ತರ ಧ್ರುವವೃತ್ತದ ಆಚೆ, ಕಿರುನಾ ಮತ್ತು ಗೆಲ್ಲಿವಾರೆಯ ಸುತ್ತ. ಬೇಸಿಗೆಯಲ್ಲಿ ಅದು ಬಾಲ್ಟಿಕ್ ಬದಿಯ ಲುಲೆಯೊ ಬಂದರಿನಿಂದ ಹಡಗೇರುತ್ತಿತ್ತು. ಚಳಿಗಾಲದಲ್ಲಿ ಆ ಬಂದರಿನ ನೀರು ಹೆಪ್ಪುಗಟ್ಟುವುದರಿಂದ ಅದಿರಿನ ರೈಲುಗಳು ಪಶ್ಚಿಮಕ್ಕೆ ತಿರುಗಿ, ಗಡಿಯ ಬೆಟ್ಟಗಳನ್ನು ದಾಟಿ, ನಾರ್ವೆಯೊಳಗೆ 43 ಕಿಲೋಮೀಟರ್ ಇಳಿಜಾರಿನಲ್ಲಿ ಸಾಗಿ ನಾರ್ವಿಕ್ ತಲುಪುತ್ತಿದ್ದವು. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ದಯದಿಂದ ನಾರ್ವಿಕ್‌ನ ನೀರು ಹೆಪ್ಪುಗಟ್ಟುವುದಿಲ್ಲ. ಬಳ್ಳಾರಿ, ಸಂಡೂರಿನ ಅದಿರು ಘಟ್ಟ ಇಳಿದು ಕರಾವಳಿ ಸೇರುವುದನ್ನು ಕಂಡವರಿಗೆ ಗಣಿ, ಹಳಿ ಮತ್ತು ಬಂದರು ಮೂರೂ ಒಂದೇ ಸರಪಳಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೊಂಡಿ ಕಳಚಿದರೆ ಉಳಿದೆರಡಕ್ಕೂ ಕೆಲಸವಿಲ್ಲ.

ಇನ್ನೊಂದು ಸಂಗತಿಯೂ ಇದೆ. ನಾರ್ವಿಕ್‌ನಿಂದ ಹೊರಟ ಜರ್ಮನ್ ಹಡಗು ತೆರೆದ ಕಡಲಿಗೆ ಬರಲೇಬೇಕಾಗಿರಲಿಲ್ಲ. ನಾರ್ವೆಯ ಕರಾವಳಿಯುದ್ದಕ್ಕೂ ಸಾವಿರಾರು ದ್ವೀಪಗಳ ಮರೆಯಲ್ಲಿ ಹಾದುಹೋಗುವ ಒಳಜಲಮಾರ್ಗವಿದ್ದು, ಅದರ ಬಹುಭಾಗ ನಾರ್ವೆಯ ಸ್ವಂತ ಜಲಪ್ರದೇಶ. ತಟಸ್ಥ ರಾಷ್ಟ್ರದ ನೀರಿನಲ್ಲಿ ಸಾಗುತ್ತಿದ್ದ ಅದಿರಿನ ಹಡಗನ್ನು ಬ್ರಿಟಿಷ್ ನೌಕಾಪಡೆ ದೂರದಿಂದ ನೋಡಬಹುದಿತ್ತೇ ಹೊರತು ಮುಟ್ಟುವಂತಿರಲಿಲ್ಲ.

ತಟಸ್ಥ ದೇಶ ಅಂದರೆ ಏನೂ ಮಾಡದೆ ಸುಮ್ಮನೆ ಕೂರೋ ದೇಶ, ಅಷ್ಟೇ ಅಲ್ವಾ?

ಅಲ್ಲ. 1907ರ ಹೇಗ್ ಒಡಂಬಡಿಕೆಗಳ ಪ್ರಕಾರ ತಾಟಸ್ಥ್ಯವೆಂದರೆ ಹಕ್ಕು ಮತ್ತು ಹೊಣೆಗಳ ಒಂದು ಕಟ್ಟು. ತಟಸ್ಥ ರಾಷ್ಟ್ರದ ನೆಲವನ್ನು ಯಾರೂ ಅತಿಕ್ರಮಿಸಬಾರದು, ಅದರ ಮೂಲಕ ಸೈನ್ಯ ಸಾಗಿಸಬಾರದು. ಅದೇ ರೀತಿ ಹಾಗೆ ಸಾಗಿಸಲು ಬಿಡಬಾರದೆಂಬ ಹೊಣೆ ತಟಸ್ಥ ರಾಷ್ಟ್ರದ ಮೇಲೂ ಇದೆ, ಬಲಪ್ರಯೋಗದಿಂದ ತಡೆದರೆ ಅದು ಯುದ್ಧಕೃತ್ಯವೆನಿಸುವುದಿಲ್ಲ. ಕಡಲಿನ ನಿಯಮ ಸ್ವಲ್ಪ ಸಡಿಲ: ಯುದ್ಧನೌಕೆಯೊಂದು ಸುಮ್ಮನೆ ಹಾದುಹೋದ ಮಾತ್ರಕ್ಕೆ ತಾಟಸ್ಥ್ಯ ಕೆಡುವುದಿಲ್ಲ. 1940ರ ಜಗಳವೆಲ್ಲ ಈ ಸಡಿಲ ಜಾಗದಲ್ಲೇ ನಡೆಯಿತು.

## ಕಾಗದದ ಮೇಲಿದ್ದ ಯೋಜನೆಗಳು

ಬ್ರಿಟಿಷರು ನಿಜವಾಗಲೂ ನಾರ್ವೆಗೆ ನುಗ್ಗೋಕೆ ಹೊರಟಿದ್ದರಾ, ಇಲ್ಲ ಇದು ಜರ್ಮನಿಯವರ ಪ್ರಚಾರವಾ?

ಹೊರಟಿದ್ದರು. ಜರ್ಮನರು ಪ್ರಚಾರಕ್ಕೆ ಬಳಸಿಕೊಂಡರೆಂಬ ಕಾರಣಕ್ಕೆ ಸಂಗತಿ ಸುಳ್ಳಾಗುವುದಿಲ್ಲ. ಆದರೆ ಒಂದೇ ಯೋಜನೆ ಎಂದುಕೊಂಡರೆ ಗೊಂದಲವಾಗುತ್ತದೆ, ಇದ್ದದ್ದು ಎರಡು.

ಮೊದಲನೆಯದು ಫಿನ್ಲೆಂಡಿಗೆ ನೆರವು ಎಂಬ ಹೆಸರಿನದು. 1940ರ ಫೆಬ್ರವರಿ 5ರಂದು ಪ್ಯಾರಿಸ್‌ನಲ್ಲಿ ಸೇರಿದ ಮಿತ್ರರಾಷ್ಟ್ರಗಳ (ಆಗ ಮುಖ್ಯವಾಗಿ ಬ್ರಿಟನ್ ಮತ್ತು ಫ್ರಾನ್ಸ್) ಸರ್ವೋಚ್ಚ ಯುದ್ಧ ಮಂಡಳಿ ನಾರ್ವಿಕ್‌ನಲ್ಲಿ ಸೈನ್ಯ ಇಳಿಸಿ, ಅದಿರಿನ ರೈಲುಮಾರ್ಗದ ಮೂಲಕವೇ ಸ್ವೀಡನ್ ದಾಟಿ ಫಿನ್ಲೆಂಡ್ ತಲುಪಲು ತೀರ್ಮಾನಿಸಿತು. ನಾರ್ವಿಕ್‌ಗೆ ಇಳಿಯುವ ಪಡೆಗೆ ಏವನ್‌ಮೌತ್, ಟ್ರಾಂಡ್‌ಹೈಮ್, ಬರ್ಗೆನ್, ಸ್ಟಾವಂಗರ್ ಹಿಡಿಯುವ ಪಡೆಗೆ ಸ್ಟ್ರ್ಯಾಟ್‌ಫರ್ಡ್, ದಕ್ಷಿಣ ಸ್ವೀಡನ್ನಿನ ರಕ್ಷಣೆಗೆ ಹೋಗುವ ಪಡೆಗೆ ಪ್ಲಿಮತ್ ಎಂದು ಗುಪ್ತನಾಮಗಳಿದ್ದವು. ನೆರವೆಂಬುದು ಮೇಲಿನ ಹೊದಿಕೆ. ಸೈನ್ಯದ ದೊಡ್ಡ ಪಾಲು ರೈಲುಮಾರ್ಗದಲ್ಲೂ ಗಣಿಗಳ ಕಾವಲಿಗೂ ನಿಂತುಬಿಡುತ್ತಿತ್ತು, ಫಿನ್ಲೆಂಡಿನ ರಣರಂಗ ತಲುಪುತ್ತಿದ್ದದ್ದು ಅದರ ಸಣ್ಣ ಪಾಲು ಮಾತ್ರ. ಮಾರ್ಚ್ 2ರಂದು ನಾರ್ವೆ ಮತ್ತು ಸ್ವೀಡನ್‌ಗಳನ್ನು ದಾರಿ ಬಿಡಿರೆಂದು ವಿಧ್ಯುಕ್ತವಾಗಿ ಕೇಳಲಾಯಿತು, ಎರಡೂ ಒಪ್ಪಲಿಲ್ಲ. ಆದರೂ ಪಡೆ ಹೊರಡಲು ಸಿದ್ಧವಾಗುತ್ತಲೇ ಇತ್ತು. ಅದರ ನಾಯಕರಿಗೆ ಸಿಕ್ಕಿದ್ದ ಸೂಚನೆ ವಿಚಿತ್ರವಾದದ್ದು: ನಾರ್ವೆಯವರು ಸ್ವಲ್ಪ ಗೊಣಗಿದರೆ ಮುಂದುವರಿಯಿರಿ, ನಿಜವಾಗಿ ಹೋರಾಟಕ್ಕೆ ನಿಂತರೆ ದಾರಿ ಕಡಿದುಕೊಂಡು ಹೋಗಬೇಡಿ. ಗೊಣಗಾಟಕ್ಕೂ ಹೋರಾಟಕ್ಕೂ ನಡುವಿನ ಗೆರೆಯನ್ನು ಬಂದರಿನ ಕಟ್ಟೆಯ ಮೇಲೆ ಕತ್ತಲಲ್ಲಿ ನಿಂತ ಅಧಿಕಾರಿಯೊಬ್ಬ ಎಳೆಯಬೇಕಾಗಿತ್ತು. ಮಾರ್ಚ್ 12ರ ರಾತ್ರಿ ಮಾಸ್ಕೋದಲ್ಲಿ ಫಿನ್ಲೆಂಡ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ ನೆಪವೇ ಇಲ್ಲವಾಯಿತು.

ಎರಡನೆಯದು ಅದಾದ ಹದಿನೈದು ದಿನಕ್ಕೆ ಹುಟ್ಟಿತು. ಫಿನ್ಲೆಂಡನ್ನು ಕೈಬಿಟ್ಟ ಅಪವಾದ ಹೊತ್ತು ಫ್ರಾನ್ಸಿನ ಪ್ರಧಾನಿ ದಲಾದಿಯೆ ಕೆಳಗಿಳಿದರು. ಅವರ ಜಾಗಕ್ಕೆ ಬಂದ ರೆನೊ ಏನಾದರೂ ಮಾಡಿ ತೋರಿಸಬೇಕಿತ್ತು. ಮಾರ್ಚ್ 28ರಂದು ನಾರ್ವೆಯ ಜಲಪ್ರದೇಶದಲ್ಲಿ ಮೈನುಗಳನ್ನು, ಅಂದರೆ ಹಡಗು ತಾಕಿದರೆ ಸಿಡಿಯುವ ಸ್ಫೋಟಕಗಳನ್ನು, ಹಾಕಲು ತೀರ್ಮಾನವಾಯಿತು. ನೌಕಾಮಂತ್ರಿ ಚರ್ಚಿಲ್ ಸೆಪ್ಟೆಂಬರ್‌ನಿಂದಲೂ ಒತ್ತಾಯಿಸುತ್ತಿದ್ದದ್ದು ಇದನ್ನೇ. ಇದರ ಹೆಸರು ವಿಲ್ಫ್ರೆಡ್. ಮೈನು ಕಂಡು ಜರ್ಮನಿ ಕೆರಳಿ ನಾರ್ವೆಯತ್ತ ಕೈಚಾಚುವ ಲಕ್ಷಣ ಕಂಡ ಕೂಡಲೇ ನಾರ್ವಿಕ್, ಟ್ರಾಂಡ್‌ಹೈಮ್, ಬರ್ಗೆನ್, ಸ್ಟಾವಂಗರ್‌ಗಳಲ್ಲಿ ಸೈನ್ಯ ಇಳಿಸುವ ಜೋಡಿ ಯೋಜನೆಗೆ ಆರ್ 4 ಎಂದು ಹೆಸರು.

ಆಲ್ಟ್‌ಮಾರ್ಕ್ ಹಡಗಿನ ಗಲಾಟೆ ಏನು? ಎಲ್ಲರೂ ಅದನ್ನೇ ಯಾಕೆ ಎತ್ತುತ್ತಾರೆ?

ಆಲ್ಟ್‌ಮಾರ್ಕ್ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೇಗೆ ಸಾಮಗ್ರಿ ಒದಗಿಸುತ್ತಿದ್ದ ಹಡಗು. ಗ್ರಾಫ್ ಸ್ಪೇ ಮುಳುಗಿಸಿದ ಬ್ರಿಟಿಷ್ ವಾಣಿಜ್ಯ ನೌಕೆಗಳ 299 ನಾವಿಕರನ್ನು ಒಡಲಲ್ಲಿ ಕೂಡಿಹಾಕಿಕೊಂಡು ಅದು ನಾರ್ವೆಯ ಒಳಜಲಮಾರ್ಗದಲ್ಲಿ ಮನೆಗೆ ಮರಳುತ್ತಿತ್ತು. ಹಡಗನ್ನು ಹತ್ತಿ ನೋಡಿದ ನಾರ್ವೆಯ ಅಧಿಕಾರಿಗಳು ಕೆಳಗಿಳಿದು ಒಡಲನ್ನು ತಪಾಸಣೆ ಮಾಡಲಿಲ್ಲ. ಫೆಬ್ರವರಿ 16ರ ರಾತ್ರಿ ಬ್ರಿಟಿಷ್ ಡಿಸ್ಟ್ರಾಯರ್ ಕೊಸ್ಸಾಕ್ ಕಿರಿದಾದ ಕಡಲ ಕೊಲ್ಲಿಯಾದ ಯೊಸಿಂಗ್‌ಫ್ಯೋರ್ಡಿಗೆ ನುಗ್ಗಿ, ಅಲ್ಲಿದ್ದ ನಾರ್ವೆಯ ಪುಟ್ಟ ದೋಣಿಗಳ ಪ್ರತಿಭಟನೆಯನ್ನು ಬದಿಗೊತ್ತಿ, ಸೆರೆಯಾಳುಗಳನ್ನು ಬಿಡಿಸಿಕೊಂಡು ಹೋಯಿತು. ಲಂಡನ್ನಿನಲ್ಲಿ ಹಬ್ಬವಾಯಿತು. ಬರ್ಲಿನ್ನಿನಲ್ಲಿ ಹಿಟ್ಲರ್, ನಾರ್ವೆ ತನ್ನ ತಾಟಸ್ಥ್ಯವನ್ನು ಬ್ರಿಟಿಷರಿಂದ ಕಾಪಾಡಿಕೊಳ್ಳಲಾರದು ಎಂಬ ತೀರ್ಮಾನಕ್ಕೆ ಬಂದು ಫೆಬ್ರವರಿ 21ರಂದು ಜನರಲ್ ಫಾಲ್ಕೆನ್‌ಹೋರ್ಸ್ಟ್‌ನನ್ನು ಕರೆಸಿದ. ಮಾರ್ಚ್ 1ರಂದು ಡೆನ್ಮಾರ್ಕ್ ಮತ್ತು ನಾರ್ವೆಯ ಮೇಲಿನ ದಾಳಿಯ ಆದೇಶ ಹೊರಬಿತ್ತು. ಒಂದೇ ರಾತ್ರಿಯ ಘಟನೆ ಎರಡೂ ಕಡೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ ಕಾರಣಕ್ಕೆ ಎಲ್ಲರೂ ಅದನ್ನು ಎತ್ತುತ್ತಾರೆ.

ಬಾಕುವಿನ ಎಣ್ಣೆ ಬಾವಿಗಳಿಗೆ ಬಾಂಬ್ ಹಾಕೋ ಯೋಚನೆ ಇತ್ತಂತೆ, ಹೌದಾ?

ಹೌದು. ಸೋವಿಯತ್ ತೈಲದ ಮುಕ್ಕಾಲು ಪಾಲಿನಷ್ಟು ಬಾಕುವಿನ ಸುತ್ತಲಿನಿಂದಲೇ ಬರುತ್ತಿತ್ತು. ಬಾಕು, ಗ್ರೋಜ್ನಿ, ಬಟೂಮಿಗಳ ತೈಲ ಘಟಕಗಳನ್ನು ಸುಟ್ಟರೆ ಹಿಟ್ಲರನ ಪೂರೈಕೆ ನಿಲ್ಲುತ್ತದೆ, ಸ್ಟಾಲಿನನ ಕಾಲೂ ಮುರಿಯುತ್ತದೆ ಎಂಬುದು ಲೆಕ್ಕ. ಫ್ರೆಂಚರು ಸಿರಿಯಾದಿಂದ, ಬ್ರಿಟಿಷರು ಇರಾಕಿನಿಂದ ವಿಮಾನ ಹಾರಿಸಬೇಕಿತ್ತು. ಮಾರ್ಚ್ 30ರಂದು ಇರಾಕಿನ ಹಬ್ಬಾನಿಯಾ ನೆಲೆಯಿಂದ, ಗುರುತುಗಳನ್ನೆಲ್ಲ ಅಳಿಸಿದ ಒಂದು ನಾಗರಿಕ ಲಾಕ್‌ಹೀಡ್ ವಿಮಾನ ಬಾಕುವಿನ ನೆತ್ತಿಯ ಮೇಲೆ ಹಾರಿ ಚಿತ್ರ ತೆಗೆದುಕೊಂಡು ಬಂತು. ಏಪ್ರಿಲ್ 5ರಂದು ಅದೇ ವಿಮಾನ ಬಟೂಮಿಗೆ ಹೋದಾಗ ಕೆಳಗಿನಿಂದ ಗುಂಡು ಹಾರಿದವು. ಜೂನ್‌ನಲ್ಲಿ ಫ್ರಾನ್ಸ್ ಬಿದ್ದಾಗ ಈ ಯೋಜನೆಯ ಕಾಗದಗಳು ರೈಲಿನಲ್ಲಿ ಜರ್ಮನರ ಕೈಗೆ ಸಿಕ್ಕಿ ಪ್ರಕಟವೂ ಆದವು. ಸ್ಟಾಲಿನ್ ಅವನ್ನು ಓದಿರಲಾರ ಎಂದುಕೊಳ್ಳುವುದು ಕಷ್ಟ. ಮರುವರ್ಷ ಹಿಟ್ಲರನ ದಾಳಿಯ ಬಗ್ಗೆ ಚರ್ಚಿಲ್ ಎಚ್ಚರಿಕೆ ಕಳುಹಿಸಿದಾಗ ಅವನು ನಂಬದೇ ಹೋದದ್ದಕ್ಕೆ ಕೊಡುವ ಕಾರಣಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಏಪ್ರಿಲ್ 8, 9ರಲ್ಲಿ ಆಗಿದ್ದೇನು? ಯಾರು ಮೊದಲು?

ನೀರಿನಲ್ಲಿ ಬ್ರಿಟಿಷರು ಮೊದಲು, ನೆಲದ ಮೇಲೆ ಜರ್ಮನರು ಮೊದಲು. ಏಪ್ರಿಲ್ 5ಕ್ಕೆ ಗೊತ್ತುಮಾಡಿದ್ದ ಮೈನು ಹಾಕುವ ಕೆಲಸ ಲಂಡನ್ ಮತ್ತು ಪ್ಯಾರಿಸ್ ನಡುವಿನ ಬೇರೊಂದು ಹಗ್ಗಜಗ್ಗಾಟದಿಂದ ಮೂರು ದಿನ ಮುಂದೆ ಹೋಯಿತು. 8ರ ಬೆಳಗಿನ ಜಾವ ನಾರ್ವಿಕ್‌ಗೆ ಹೋಗುವ ದಾರಿಯ ವೆಸ್ಟ್‌ಫ್ಯೋರ್ಡಿನಲ್ಲಿ ಮೈನುಗಳು ನೀರಿಗಿಳಿದಾಗ ಜರ್ಮನ್ ನೌಕಾಪಡೆ ಆಗಲೇ ಉತ್ತರಕ್ಕೆ ಹೊರಟಾಗಿತ್ತು. 9 ಎಂಬ ದಿನಾಂಕವನ್ನು ಹಿಟ್ಲರ್ ಒಂದು ವಾರದ ಹಿಂದೆಯೇ ನಿಗದಿ ಮಾಡಿದ್ದ. ಹಾಗಾಗಿ ಮೈನು ಹಾಕಿದ್ದಕ್ಕೆ ಜರ್ಮನಿ ಬಂತು ಎನ್ನುವುದು ತಪ್ಪು.

ಆ 8ನೇ ತಾರೀಖಿನ ಎರಡು ದೃಶ್ಯಗಳನ್ನು ನೋಡಬೇಕು. ಸ್ಕಾಟ್ಲೆಂಡಿನ ರೊಸೈತ್ ಬಂದರಿನಲ್ಲಿ ಬರ್ಗೆನ್ ಮತ್ತು ಸ್ಟಾವಂಗರ್‌ಗೆ ಹೊರಡಬೇಕಿದ್ದ ಸೈನಿಕರು ನಾಲ್ಕು ಕ್ರೂಸರ್‌ಗಳನ್ನು ಹತ್ತಿ ಕುಳಿತಿದ್ದರು. ಜರ್ಮನ್ ಹಡಗುಗಳು ಕಡಲಲ್ಲಿವೆ ಎಂಬ ಸುದ್ದಿ ಬಂದದ್ದೇ ತಡ, ನೌಕಾ ಇಲಾಖೆಗೆ ಕಡಲ ಕಾಳಗದ ಉಮೇದು ಹತ್ತಿತು. ಸೈನಿಕರನ್ನು ಅವಸರವಸರವಾಗಿ ಕಟ್ಟೆಗೆ ಇಳಿಸಿ ಕ್ರೂಸರ್‌ಗಳು ಹೊರಟುಬಿಟ್ಟವು, ಸಾಮಾನು ಸರಂಜಾಮಿನ ಬಹುಪಾಲು ಹಡಗಿನಲ್ಲೇ ಉಳಿಯಿತು. ಯಾವ ಸನ್ನಿವೇಶಕ್ಕೆಂದೇ ಆರ್ 4 ತಯಾರಾಗಿತ್ತೋ ಆ ಸನ್ನಿವೇಶ ಒದಗಿದ ಗಳಿಗೆಯಲ್ಲೇ ಅದನ್ನು ಬಿಚ್ಚಿಹಾಕಲಾಯಿತು. ಅದೇ ದಿನ ನಾರ್ವೆಯ ದಕ್ಷಿಣ ತೀರದಲ್ಲಿ ಪೋಲೆಂಡಿನ ಜಲಾಂತರ್ಗಾಮಿ ಓರ್ಜೆಲ್, ರಿಯೊ ಡಿ ಜನೈರೊ ಎಂಬ ಜರ್ಮನ್ ಹಡಗನ್ನು ಮುಳುಗಿಸಿತು. ನೀರಿನಿಂದ ಎತ್ತಿದವರು ಸಮವಸ್ತ್ರದಲ್ಲಿದ್ದ ಸೈನಿಕರು. ಬರ್ಗೆನನ್ನು ಬ್ರಿಟಿಷರಿಂದ ಕಾಪಾಡಲು ಹೋಗುತ್ತಿದ್ದೇವೆ ಎಂದು ಅವರೇ ಹೇಳಿದರು. ಓಸ್ಲೊದಲ್ಲಿ ಸರ್ಕಾರ ಆ ಹೊತ್ತಿಗೆ ಬ್ರಿಟಿಷ್ ಮೈನುಗಳ ವಿರುದ್ಧದ ಪ್ರತಿಭಟನೆಯಲ್ಲಿ ಮುಳುಗಿತ್ತು.

## 'ಹಾಗಾಗಿದ್ದರೆ' ಎಂಬ ಪ್ರಶ್ನೆಗಳು

ಮಾರ್ಚ್‌ನಲ್ಲಿ ನಾರ್ವೆ, ಸ್ವೀಡನ್ 'ಬನ್ನಿ' ಅಂದುಬಿಟ್ಟಿದ್ದರೆ ಏನಾಗ್ತಿತ್ತು?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ ಪ್ರಶ್ನೆ. ದಾರಿ ಸಿಕ್ಕಿದ್ದರೆ ಫಿನ್ಲೆಂಡ್ ಬಹುಶಃ ಇನ್ನಷ್ಟು ದಿನ ಹೋರಾಟ ಮುಂದುವರಿಸುತ್ತಿತ್ತು. ಕೆಲವು ಸಾವಿರ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಸೋವಿಯತ್ ಸೇನೆಯ ಎದುರು ನಿಲ್ಲುತ್ತಿದ್ದರು. ಸಂಖ್ಯೆ ಅಲ್ಪವಾದರೂ ಬ್ರಿಟನ್ ಮತ್ತು ರಷ್ಯಾ ನಡುವೆ ರಕ್ತ ಹರಿಯಿತೆಂದರೆ ಹಿಂದಿರುಗಿ ಬರುವುದು ಕಷ್ಟ. ಜರ್ಮನಿಯಂತೂ ಅದಿರನ್ನು ಬಿಟ್ಟುಕೊಡದೆ ದಕ್ಷಿಣ ಸ್ವೀಡನ್ನಿಗೆ ನುಗ್ಗುತ್ತಿತ್ತು. ಆಗ ಒಂದು ಕಡೆ ಬ್ರಿಟನ್, ಫ್ರಾನ್ಸ್, ಫಿನ್ಲೆಂಡ್, ಸ್ವೀಡನ್, ನಾರ್ವೆ, ಇನ್ನೊಂದು ಕಡೆ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ. ಒಲ್ಲದ ಗಂಡಹೆಂಡಿರಂತಿದ್ದ ಹಿಟ್ಲರ್, ಸ್ಟಾಲಿನ್ ಒಂದೇ ಚಾವಣಿಯಡಿ ಹೋರಾಡಬೇಕಾಗುತ್ತಿತ್ತು.

ಇದನ್ನು ತಡೆದವರು ಯಾರು? ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸ್‌ರಂಥ ಕೆಲವರ ಅಳುಕು ಲಂಡನ್ನಿನಲ್ಲಿ ಇತ್ತು, ನಿಜ. ಆದರೆ ಆ ವಾರಗಳಲ್ಲಿ ನಿರ್ಣಾಯಕವಾದದ್ದು ಸ್ಟಾಕ್‌ಹೋಮ್ ಮತ್ತು ಓಸ್ಲೊ ಹೇಳಿದ 'ಇಲ್ಲ'. ಸ್ವೀಡನ್ನಿನ ಪ್ರಧಾನಿ ಪೆರ್ ಆಲ್ಬಿನ್ ಹಾನ್ಸನ್ ಮತ್ತು ನಾರ್ವೆಯ ಪ್ರಧಾನಿ ನ್ಯೂಗೋರ್ಸ್‌ವೋಲ್ಡ್ ಸರ್ಕಾರಗಳನ್ನು ಆ ಕಾಲದಲ್ಲಿ ಹೇಡಿಗಳೆಂದು ಜರೆದವರಿದ್ದರು, ಈಗಲೂ ಇದ್ದಾರೆ. ಅವರು ಯೋಚಿಸಿದ್ದು ತಮ್ಮ ನೆಲ ರಣರಂಗವಾಗದಿರಲಿ ಎಂದಷ್ಟೇ. ಆದರೂ ಅವರ ನಿರಾಕರಣೆ ಬ್ರಿಟನ್ನನ್ನು ಏಕಕಾಲಕ್ಕೆ ಎರಡು ಮಹಾಶಕ್ತಿಗಳ ವಿರುದ್ಧದ ಯುದ್ಧದಿಂದ ಉಳಿಸಿತು. ಮರುವರ್ಷ ಚರ್ಚಿಲ್ ಮಾಸ್ಕೋ ಕಡೆಗೆ ಕೈ ಚಾಚಲು ಸಾಧ್ಯವಾದದ್ದು ಎರಡು ಚಿಕ್ಕ ದೇಶಗಳು ಅವರ ಕೈ ಹಿಡಿದು ನಿಲ್ಲಿಸಿದ್ದರಿಂದ.

ಕೇಳದೆಯೇ ನುಗ್ಗಿದ್ದರೆ ನಾರ್ವೆಯವರು ಬ್ರಿಟಿಷರ ಮೇಲೆ ಗುಂಡು ಹಾರಿಸ್ತಿದ್ದರಾ?

ಕೆಲವು ಕಡೆ ಹಾರಿಸುತ್ತಿದ್ದರು, ಹಲವು ಕಡೆ ಇಲ್ಲ ಎಂದುಕೊಳ್ಳುತ್ತೇನೆ. ರಾಜ ಏಳನೇ ಹಾಕನ್‌ರ ಪತ್ನಿ ಬ್ರಿಟನ್ನಿನ ರಾಜ ಏಳನೇ ಎಡ್ವರ್ಡರ ಮಗಳು, ಜನರ ಒಲವೂ ಬ್ರಿಟನ್ನಿನ ಕಡೆಗೇ ಇತ್ತು. ಆದರೆ ಕೋಟೆಯೊಂದರ ಅಧಿಕಾರಿ ಕತ್ತಲಲ್ಲಿ ಒಲವು ನೋಡಿ ತೋಪು ಹಾರಿಸುವುದಿಲ್ಲ. ಏಪ್ರಿಲ್ 9ರ ಬೆಳಗಿನ ಜಾವ ಓಸ್ಲೊ ಫ್ಯೋರ್ಡಿನ ಓಸ್ಕಾರ್ಸ್‌ಬೋರ್ಗ್ ಕೋಟೆಯಲ್ಲಿದ್ದ ಕರ್ನಲ್ ಬಿರ್ಗರ್ ಎರಿಕ್ಸನ್‌ಗೆ, ಕಗ್ಗತ್ತಲಲ್ಲಿ ಬರುತ್ತಿದ್ದ ದೊಡ್ಡ ಹಡಗು ಯಾವ ದೇಶದ್ದೆಂಬುದೇ ಖಚಿತವಿರಲಿಲ್ಲ. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲೇ 1890ರ ದಶಕದಲ್ಲಿ ತಯಾರಾದ ಮುದಿ ತೋಪುಗಳಿಂದ ಅವರು ಗುಂಡು ಹೊಡೆಸಿದರು. ಬಂಡೆಯೊಳಗೆ ಅಡಗಿದ್ದ ಟಾರ್ಪಿಡೊಗಳು ಉಳಿದ ಕೆಲಸ ಮಾಡಿದವು. ಮುಳುಗಿದ್ದು ಜರ್ಮನ್ ಕ್ರೂಸರ್ ಬ್ಲೂಷರ್. ಅದರಿಂದ ಸಿಕ್ಕ ಕೆಲವು ಗಂಟೆಗಳಲ್ಲಿ ರಾಜ, ಸಂಸತ್ತು, ಬ್ಯಾಂಕಿನ ಚಿನ್ನ ಎಲ್ಲವೂ ಓಸ್ಲೊದಿಂದ ಹೊರಟುಹೋದವು. ಆ ಹಡಗು ಬ್ರಿಟಿಷರದ್ದಾಗಿದ್ದರೂ ಎರಿಕ್ಸನ್ ಹೊಡೆಸುತ್ತಿದ್ದರೆಂದೇ ನನ್ನ ಅಂದಾಜು.

ಆಗ ಬ್ರಿಟನ್ ಕಳೆದುಕೊಳ್ಳಬಹುದಾಗಿದ್ದದ್ದು ಬಂದರುಗಳಿಗಿಂತ ದೊಡ್ಡದು. ನಾರ್ವೆಯ ವಾಣಿಜ್ಯ ನೌಕಾಬಲ ಜಗತ್ತಿನಲ್ಲಿ ನಾಲ್ಕನೆಯದು. ಜರ್ಮನಿ ಆಕ್ರಮಿಸಿದ ಮೇಲೆ ದೇಶದ ಹೊರಗಿದ್ದ ಸುಮಾರು 1000 ಹಡಗುಗಳು ನಾರ್ವೆ ಸರ್ಕಾರದ ಆಜ್ಞೆಯಂತೆ ಮಿತ್ರರಾಷ್ಟ್ರಗಳ ಸೇವೆಗೆ ನಿಂತವು, ಬ್ರಿಟನ್ನಿಗೆ ಹೋಗುವ ತೈಲದ ದೊಡ್ಡ ಪಾಲು ನಾರ್ವೆಯ ಟ್ಯಾಂಕರ್‌ಗಳಲ್ಲಿ ಸಾಗಿತು. ಮೊದಲ ಗುಂಡು ಬ್ರಿಟಿಷರ ಕಡೆಯಿಂದ ಹಾರಿದ್ದರೆ ಆ ಹಡಗುಗಳ ಕಪ್ತಾನರು ಏನು ಮಾಡುತ್ತಿದ್ದರು ಎಂಬುದನ್ನು ನಾರ್ವಿಕ್‌ನ ನಕ್ಷೆ ಹಿಡಿದು ಕುಳಿತವರಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಅದಿರು ನಿಂತಿದ್ದರೆ ಜರ್ಮನಿ ವರ್ಷದೊಳಗೆ ಮಂಡಿಯೂರುತ್ತಿತ್ತು ಅಂತಾರಲ್ಲ?

ಆಗ ಲಂಡನ್ನಿನ ಲೆಕ್ಕಿಗರು ಹೆಚ್ಚುಕಡಿಮೆ ಹಾಗೆಯೇ ನಂಬಿದ್ದರು. ನಾರ್ವಿಕ್ ಮಾರ್ಗವೊಂದನ್ನೇ ಮುಚ್ಚಿದ್ದರೆ ನಷ್ಟವಾಗುತ್ತಿದ್ದದ್ದು ಚಳಿಗಾಲದ ಪಾಲು ಮಾತ್ರ. ಏಪ್ರಿಲ್ ಕೊನೆಗೆ ಮಂಜು ಕರಗಿ ಲುಲೆಯೊ ತೆರೆದುಕೊಳ್ಳುತ್ತಿತ್ತು. ಗಣಿಗಳನ್ನೇ ಹಿಡಿದಿದ್ದರೆ ಪೆಟ್ಟು ಗಟ್ಟಿಯಾಗಿರುತ್ತಿತ್ತು. ಆದರೆ ಜೂನ್ 22ರಂದು ಫ್ರಾನ್ಸ್ ಕದನವಿರಾಮಕ್ಕೆ ಸಹಿ ಹಾಕಿದಾಗ ಲೊರೇನ್ ಪ್ರಾಂತದ ಅದಿರು ಜರ್ಮನಿಯ ಕೈ ಸೇರಿತು. ಹಾಗಾಗಿ ಈ ಪ್ರಶ್ನೆಯ ಉತ್ತರ ನಾರ್ವೆಯಲ್ಲಿಲ್ಲ, ಮೇ ತಿಂಗಳಲ್ಲಿ ಜರ್ಮನರು ಫ್ರಾನ್ಸಿಗೆ ನುಗ್ಗಲು ಬಳಸಿದ ಆರ್ಡೆನ್ಸ್ ಕಾಡಿನಲ್ಲಿದೆ: ಉತ್ತರಕ್ಕೆ ಹೋದ ಜರ್ಮನ್ ಡಿವಿಷನ್‌ಗಳು ಮೇ ತಿಂಗಳ ದಾಳಿಯನ್ನು ತಡಮಾಡುವಷ್ಟು ಆಗುತ್ತಿದ್ದವೇ? ನನಗೆ ಹಾಗನ್ನಿಸುವುದಿಲ್ಲ.

ಬ್ರಿಟನ್–ರಷ್ಯಾ ಯುದ್ಧ ಆಗಿಬಿಟ್ಟಿದ್ದರೆ ನಮ್ಮ ಕಡೆ, ಇಂಡಿಯಾದ ಗತಿ ಏನು ಮೇಷ್ಟ್ರೇ?

ಬಾಕುವಿನ ಮೇಲೆ ಬಾಂಬ್ ಬಿದ್ದ ಮರುದಿನದಿಂದ ವಾಯವ್ಯ ಗಡಿಪ್ರಾಂತ ರಣರಂಗದ ಅಂಚಾಗುತ್ತಿತ್ತು. ರಷ್ಯಾ ಆಫ್ಘಾನಿಸ್ತಾನದ ಮೂಲಕ ಬರುತ್ತದೆ ಎಂಬ ಹತ್ತೊಂಬತ್ತನೇ ಶತಮಾನದ ಭಯ ದೆಹಲಿಯ ಸೇನಾ ಕಚೇರಿಯಲ್ಲಿ 1940ರಲ್ಲೂ ಜೀವಂತವಾಗಿತ್ತು. ಅದು ತೀರ ಕಲ್ಪನೆಯೂ ಅಲ್ಲ: ಆ ವರ್ಷದ ನವೆಂಬರ್‌ನಲ್ಲಿ ಬರ್ಲಿನ್ನಿಗೆ ಬಂದ ಮೊಲೊಟೊವ್ ಮುಂದೆ ಜರ್ಮನರು ಇಟ್ಟ ಹಂಚಿಕೆಯಲ್ಲಿ ಸೋವಿಯತ್ ಒಕ್ಕೂಟಕ್ಕೆ ತೋರಿಸಿದ ದಿಕ್ಕು ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ಕಡೆಗೆ. ಮೊಲೊಟೊವ್‌ಗೆ ಬೇಕಾಗಿದ್ದದ್ದು ಫಿನ್ಲೆಂಡ್, ಬಲ್ಗೇರಿಯಾ ಮತ್ತು ಟರ್ಕಿಯ ಜಲಸಂಧಿಗಳ ಮಾತು. ಬೇರೆಯವರ ಹೊಲವನ್ನು ತನಗೆ ಬರೆದುಕೊಡುತ್ತಿದ್ದಾರೆಂಬುದು ಅವನಿಗೆ ಗೊತ್ತಿತ್ತು.

ಇನ್ನೊಂದು ಎಳೆ ಸುಭಾಷ್‌ಚಂದ್ರ ಬೋಸರದ್ದು. 1941ರ ಜನವರಿಯಲ್ಲಿ ಕಲ್ಕತ್ತೆಯ ಮನೆಯಿಂದ ತಪ್ಪಿಸಿಕೊಂಡ ಅವರು ಕಾಬೂಲ್, ಮಾಸ್ಕೋ ಮಾರ್ಗವಾಗಿ ಏಪ್ರಿಲ್ 2ರಂದು ಬರ್ಲಿನ್ ಸೇರಿದರು. ಆ ದಾರಿ ತೆರೆದಿದ್ದದ್ದೇ ಹಿಟ್ಲರ್ ಮತ್ತು ಸ್ಟಾಲಿನ್ ನಡುವೆ ಒಪ್ಪಂದ ಇನ್ನೂ ಉಸಿರಾಡುತ್ತಿದ್ದುದರಿಂದ. ಬ್ರಿಟನ್ ಮತ್ತು ರಷ್ಯಾ ಆಗಲೇ ಯುದ್ಧದಲ್ಲಿದ್ದಿದ್ದರೆ ಬೋಸರ ಪ್ರಯಾಣ ಮಾಸ್ಕೋದಲ್ಲೇ ನಿಲ್ಲುತ್ತಿತ್ತೇ ಎಂದು ಕೇಳಬಹುದು, ಏಕೆಂದರೆ ಅವರು ಸೋವಿಯತ್ ನೆರವಿಗೂ ಆಸೆಪಟ್ಟಿದ್ದರು. ಕಮ್ಯುನಿಸ್ಟರ ನಿಲುವಂತೂ ಅದಲುಬದಲಾಗುತ್ತಿತ್ತು. 1941ರವರೆಗೆ ಇದನ್ನು ಸಾಮ್ರಾಜ್ಯಶಾಹಿ ಯುದ್ಧವೆಂದು ಕರೆದು, ರಷ್ಯಾದ ಮೇಲೆ ದಾಳಿಯಾದ ಬಳಿಕ ಜನತಾ ಯುದ್ಧವೆಂದು ಬೆಂಬಲಿಸಿದ ಪಕ್ಷ, 1942ರ ಚಳವಳಿಯಲ್ಲಿ ಬೇರೆಯೇ ಪಕ್ಕದಲ್ಲಿ ನಿಂತಿರುತ್ತಿತ್ತು. ಇದರಾಚೆಗೆ ಹೋದರೆ ನಾನೇ ಹಾಕಿಕೊಂಡ ಕಟ್ಟುಪಾಡು ಮುರಿದಂತಾಗುತ್ತದೆ.

## ಕಠಿಣ ಪ್ರಶ್ನೆಗಳು

ಇಬ್ಬರೂ ಅದೇ ಕೆಲಸಕ್ಕೆ ಹೊರಟಿದ್ದರು ಅಂದಮೇಲೆ ನ್ಯೂರೆಂಬರ್ಗ್‌ನಲ್ಲಿ ಜರ್ಮನರಿಗೆ ಮಾತ್ರ ಶಿಕ್ಷೆ ಯಾಕೆ?

ಯುದ್ಧದ ಬಳಿಕ ನಡೆದ ಆ ಯುದ್ಧಾಪರಾಧ ವಿಚಾರಣೆಯಲ್ಲಿ ಜರ್ಮನ್ ನೌಕಾಪಡೆಯ ಮುಖ್ಯಸ್ಥ ರೇಡರ್ ಪರವಾಗಿ ಇದೇ ವಾದ ಮಂಡಿಸಲಾಗಿತ್ತು: ಬ್ರಿಟಿಷರು ಬರುವವರಿದ್ದರು, ನಾವು ಮುಂಚೆ ಹೋದೆವು. ನ್ಯಾಯಮಂಡಳಿ ಒಪ್ಪಲಿಲ್ಲ. ಯೋಚನೆಗೆ ಸಮಯವೇ ಇಲ್ಲದಂಥ, ಬೇರೆ ದಾರಿಯೇ ಇಲ್ಲದಂಥ ತುರ್ತು ಎದುರಾದಾಗ ಮಾತ್ರ ಮುನ್ನೆಚ್ಚರಿಕೆಯ ದಾಳಿ ಸಮರ್ಥನೀಯ. ಜರ್ಮನ್ ದಾಖಲೆಗಳಲ್ಲಿ ಕಂಡದ್ದು ಅಂಥ ತುರ್ತಲ್ಲ, ನೆಲೆಗಳನ್ನು ಪಡೆಯುವ ಆಸೆ ಎಂಬುದು ಅದರ ನಿಲುವು. ರೇಡರ್‌ಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಆಕ್ರಮಿಸಿ ಐದು ವರ್ಷ ಆಳಿದ್ದಕ್ಕೂ ಆಕ್ರಮಿಸಲು ಯೋಚಿಸಿದ್ದಕ್ಕೂ ಒಂದೇ ತಕ್ಕಡಿ ಇಲ್ಲ. ಆದರೆ 1914ರಲ್ಲಿ ಬೆಲ್ಜಿಯಂನ ತಾಟಸ್ಥ್ಯಕ್ಕಾಗಿ ಯುದ್ಧಕ್ಕಿಳಿದ ದೇಶ, ಕಾಲು ಶತಮಾನ ಕಳೆಯುವಷ್ಟರಲ್ಲಿ ಚಿಕ್ಕ ದೇಶಗಳ ತಾಟಸ್ಥ್ಯವನ್ನು ಅಡಚಣೆಯೆಂದು ಬಗೆದದ್ದು ನ್ಯಾಯಾಲಯದ ಆಚೆಗೆ ಉಳಿಯುವ ಮಾತು.

ಮಿತ್ರರಾಷ್ಟ್ರಗಳು ನಿಜವಾಗಿ ಯಾವ ತಟಸ್ಥ ದೇಶಕ್ಕೂ ನುಗ್ಗಲೇ ಇಲ್ವಾ?

ನುಗ್ಗಿದವು. 1940ರ ಮೇ 10ರಂದು 746 ಬ್ರಿಟಿಷ್ ನೌಕಾಸೈನಿಕರು ತಟಸ್ಥ ಐಸ್‌ಲ್ಯಾಂಡಿನ ರಾಜಧಾನಿಯಲ್ಲಿ ಇಳಿದರು. ಬಂದರಿನಲ್ಲಿ ಜನ ನೆರೆದಿದ್ದರು. ಸೈನಿಕರಿಗೆ ಇಳಿಯಲು ಜಾಗ ಬೇಕು, ಜನರನ್ನು ಸ್ವಲ್ಪ ಹಿಂದೆ ಸರಿಸುತ್ತೀರಾ ಎಂದು ಬ್ರಿಟಿಷ್ ಕಾನ್ಸಲ್ ಕೇಳಿದಾಗ ಸ್ಥಳೀಯ ಪೊಲೀಸ್ ಅಧಿಕಾರಿ ಆಗಲಿ ಎಂದು ಸರಿಸಿದರಂತೆ. ಸರ್ಕಾರ ಪ್ರತಿಭಟನೆ ಸಲ್ಲಿಸಿತು, ಗುಂಡು ಹಾರಲಿಲ್ಲ.

ಇರಾನಿನ ಕತೆ ಅಷ್ಟು ಸೌಮ್ಯವಲ್ಲ. 1941ರ ಆಗಸ್ಟ್ 25ರಂದು ಬ್ರಿಟನ್, ಹದಿನೇಳು ತಿಂಗಳ ಹಿಂದೆ ಯಾರ ತೈಲ ಬಾವಿಗಳನ್ನು ಸುಡಲು ಯೋಚಿಸಿತ್ತೋ ಆ ಸೋವಿಯತ್ ಒಕ್ಕೂಟದ ಜೊತೆಯಾಗಿ ಆ ತಟಸ್ಥ ದೇಶಕ್ಕೆ ನುಗ್ಗಿತು. ಬ್ರಿಟನ್ನಿನ ಪರವಾಗಿ ಹೋದ ಕಾಲಾಳುಗಳಲ್ಲಿ ಹೆಚ್ಚಿನವರು ಭಾರತೀಯ ಸೇನೆಯ 8 ಮತ್ತು 10ನೇ ಡಿವಿಷನ್‌ಗಳವರು. ಸೆಪ್ಟೆಂಬರ್ 16ರಂದು ರೆಜಾ ಶಾ ಸಿಂಹಾಸನ ಬಿಟ್ಟರು. ರಷ್ಯಾಕ್ಕೆ ಸಾಮಗ್ರಿ ಸಾಗಿಸುವ ಹೆದ್ದಾರಿಯಾಗಿ ಇರಾನ್ ಬಳಕೆಯಾಯಿತು. ಉತ್ತರದಲ್ಲಿ ಮಾಡದೆ ಉಳಿದದ್ದನ್ನು ದಕ್ಷಿಣದಲ್ಲಿ ಮಾಡಿದರು ಎಂದು ಓದಿಕೊಳ್ಳಬಹುದು.

ನಾರ್ವೆಯಲ್ಲಿ ಬ್ರಿಟಿಷರು ಗೆದ್ದಿದ್ದರೆ ಚರ್ಚಿಲ್ ಪ್ರಧಾನಿ ಆಗ್ತಿರಲಿಲ್ಲ ಅಲ್ವಾ?

ಬಹುಶಃ ಆಗ ಆಗುತ್ತಿರಲಿಲ್ಲ. ನಾರ್ವೆಯ ಸೋಲಿನ ಮೇಲೆ ಮೇ 7 ಮತ್ತು 8ರಂದು ನಡೆದ ಸಂಸತ್ ಚರ್ಚೆಯಲ್ಲಿ ಪ್ರಧಾನಿ ಚೇಂಬರ್ಲೇನ್ 281ಕ್ಕೆ 200 ಮತಗಳಿಂದ ಗೆದ್ದರೂ ಸ್ವಪಕ್ಷದವರೇ ಕೈಕೊಟ್ಟದ್ದರಿಂದ ಅದು ಸೋಲೇ ಆಯಿತು. ಆ ದಂಡಯಾತ್ರೆಯ ಅತಿ ದೊಡ್ಡ ಒತ್ತಾಸೆ ಚರ್ಚಿಲ್‌ರದ್ದು, ರೊಸೈತ್‌ನಲ್ಲಿ ಸೈನಿಕರನ್ನು ಇಳಿಸಿದ ನೌಕಾ ಇಲಾಖೆಯೂ ಅವರದ್ದೇ. ಬೆಲೆ ತೆತ್ತವರು ಮಾತ್ರ ಚೇಂಬರ್ಲೇನ್.

ಒಂದೇ ಒಂದು ಘಟನೆ ಬದಲಿಸಿ ಅಂದರೆ ಯಾವುದನ್ನ ಬದಲಿಸ್ತೀರಿ?

ಮಾರ್ಚ್ 12ನ್ನು. ನೆರವು ಬೇಕಿದ್ದರೆ ಮಾರ್ಚ್ 5ರೊಳಗೆ ಬಹಿರಂಗವಾಗಿ ಕೇಳಿ ಎಂದು ಮಿತ್ರರಾಷ್ಟ್ರಗಳು ಫಿನ್ಲೆಂಡಿಗೆ ಹೇಳಿದ್ದವು, ಆಮೇಲೆ ಗಡುವನ್ನು 12ರವರೆಗೆ ವಿಸ್ತರಿಸಿದ್ದವು. ಹೆಲ್ಸಿಂಕಿಯಿಂದ ಒಂದು ಮನವಿ ಹೊರಟಿದ್ದರೆ ಸಾಕಿತ್ತು. ಆದರೆ ಸೈನ್ಯ ಸವೆದಿದೆ, ಬರುವ ನೆರವು ಚಿಕ್ಕದು, ತಡವಾಗಿ ಬರುವಂಥದ್ದು ಎಂದು ಲೆಕ್ಕ ಹಾಕಿದ ಫಿನ್ಲೆಂಡಿನ ಸೇನಾಧಿಪತಿ ಮ್ಯಾನರ್‌ಹೈಮ್ ಶಾಂತಿಯತ್ತ ವಾಲಿದರು. ಪ್ರಧಾನಿ ರ್‍ಯುತಿ ಮಾಸ್ಕೋಗೆ ಹೋಗಿ ವಿಪೂರಿ ನಗರವನ್ನೂ ಕರೇಲಿಯಾವನ್ನೂ ಬಿಟ್ಟುಕೊಟ್ಟು ಬಂದರು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ತೊರೆದರು. ಹದಿನೈದು ತಿಂಗಳ ನಂತರ ಅದೇ ಫಿನ್ಲೆಂಡ್ ಕಳೆದುಕೊಂಡ ನೆಲಕ್ಕಾಗಿ ಜರ್ಮನಿಯ ಜೊತೆ ಸೇರಿ ರಷ್ಯಾದ ವಿರುದ್ಧ ಹೊರಟಿತು. ಸ್ಟಾಲಿನ್ ಒತ್ತಾಯಿಸಿದ್ದರಿಂದ ಬ್ರಿಟನ್ ಅದರ ಮೇಲೆ ಯುದ್ಧ ಸಾರಿತು. ಆ ದಿನ 1941ರ ಡಿಸೆಂಬರ್ 6, ಫಿನ್ಲೆಂಡಿನ ಸ್ವಾತಂತ್ರ್ಯ ದಿನ.